ಕೋಟಿನ ಅಂಚು

“ಆ ಕೋಟಿಗೆ ಕತ್ತರಿ ಹಾಕ್ಬೇಡ. ಕೂತ್ಕೊಂಡು ಬಿಚ್ಚು.”

ಹೇಳಿದ್ದು ದಾರದಜ್ಜಿ. ಕೇಳಿಸಿಕೊಂಡವಳು ಚುರುಕಿ. ಕೇಳಿಸಿಕೊಂಡಳು ಎಂದರೆ ಕಿವಿಗೆ ಬಿತ್ತು, ಅಷ್ಟೇ, ಒಳಗೆ ಇಳಿಯಲಿಲ್ಲ. ಹಳೆಯ ಬಟ್ಟೆಗಳಿಂದ ಚೀಲ, ಗೊಂಬೆ, ಹೊದಿಕೆ ಹೊಲಿಯುವ ಆ ನೆಲಮಾಳಿಗೆಯ ಕೋಣೆಗೆ ಅವಳು ಬಂದು ನಾಲ್ಕೇ ದಿನವಾಗಿತ್ತು. ಅದಕ್ಕೆ ಮೊದಲು ದೊಡ್ಡ ಕಾರ್ಖಾನೆಯೊಂದರಲ್ಲಿ ಅಂಗಿಗಳ ಕಾಲರು ಹೊಲಿಯುತ್ತಿದ್ದಳು. ಅಲ್ಲಿಯ ಓಟ ಕೈಗೆ ಅಂಟಿಕೊಂಡಿತ್ತು. ಅದನ್ನು ನೋಡಿಯೇ ಇಲ್ಲಿಯ ಹೆಂಗಸರು ಮೊದಲ ದಿನವೇ ಅವಳಿಗೆ ಚುರುಕಿ ಎಂದು ಹೆಸರಿಟ್ಟಿದ್ದರು. ಆ ಹೆಸರು ಉಳಿಸಿಕೊಳ್ಳಲು ಅವಳು ಏನು ಬೇಕಾದರೂ ಮಾಡುವವಳಿದ್ದಳು. ಮಾಡಿಯೂಬಿಟ್ಟಳು.

ದಾರದಜ್ಜಿಯ ಕೆಲಸ ಹೊಲಿಯುವುದಲ್ಲ, ಬಿಚ್ಚುವುದು. ಮೂಟೆಗಳಲ್ಲಿ ಬಂದ ಬಟ್ಟೆಗಳ ಹಳೆಯ ಹೊಲಿಗೆಯನ್ನು ಸಣ್ಣ ಕೊಕ್ಕೆಯಿಂದ ಒಂದೊಂದಾಗಿ ಬಿಡಿಸಿ, ದಾರವನ್ನು ತಗಡಿನ ಡಬ್ಬಿಗೆ ಹಾಕಿ, ಸಂಜೆ ಬಾಗಿಲು ಹಾಕುವ ಮುಂಚೆ ಹಿಂದುಗಡೆ ಸುಟ್ಟು ಬರುತ್ತಿದ್ದಳು. ಹೊಲಿಗೆ ಬಿಚ್ಚದ ಬಟ್ಟೆ ಕತ್ತರಿಸುವ ಮೇಜಿಗೆ ಬರಕೂಡದು, ಅದು ಆ ಕೋಣೆಯ ಪದ್ಧತಿ. ಬಿಚ್ಚಿದರೆ ಎರಡು ಬೆರಳು ಬಟ್ಟೆ ಹೆಚ್ಚು ಸಿಗುತ್ತದೆ, ಮಡಿಕೆ ಇಲ್ಲದೆ ಸಪಾಟಾಗಿ ಕೂರುತ್ತದೆ ಎಂದು ಒಡತಿ ಮೇಡಂ ಹೇಳುತ್ತಿದ್ದರು. ಅಜ್ಜಿಯ ಕಾರಣವೇ ಬೇರೆ ಇತ್ತು.

ಹೊಲಿಯುವಾಗ ಕೈ ಏನನ್ನು ನೆನೆಯುತ್ತದೋ ಅದು ಹೊಲಿಗೆಯಲ್ಲಿ ಉಳಿಯುತ್ತದಂತೆ. ಬಹಳ ಬಟ್ಟೆಗಳಲ್ಲಿ ಉಳಿಯುವುದು ಬೇಸರ, ಆಯಾಸ, ಬೇಗ ಮುಗಿದರೆ ಸಾಕು ಎಂಬ ಅವಸರ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಆದರೆ ಬೇಕೆಂದೇ ಹೊಲಿದ ಅಂಚುಗಳೂ ಇರುತ್ತವೆ.

“ಇನ್ನೊಬ್ರ ಬಾಯಿ ಕಟ್ಟೋಕೆ ಅಂಚಿನ ಒಳಗೆ ಗಂಟಿಟ್ಟು ಹೊಲೀತಾರೆ,” ಎಂದಳು ಅಜ್ಜಿ, ಆ ಬೂದು ಬಣ್ಣದ ಉಣ್ಣೆಯ ಕೋಟನ್ನು ಮುಟ್ಟದೆ, ಕೊಕ್ಕೆಯ ತುದಿಯಿಂದ ತೋರಿಸುತ್ತ. “ಬಿಚ್ಚಿದ್ರೆ ಗಂಟು ಕೈಗೆ ಸಿಗುತ್ತೆ, ಸುಟ್ಟು ಹಾಕ್ಬಹುದು. ಕತ್ತರಿಸಿದ್ರೆ ಎಲ್ಲಿ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ.”

ಚುರುಕಿ ನಕ್ಕಳು. ಕಾರ್ಖಾನೆಯಲ್ಲಿ ದಿನಕ್ಕೆ ಆರುನೂರು ಕಾಲರು ಹೊಲಿಯುವಾಗ ತಾನು ಸೂಪರ್‌ವೈಸರನಿಗೆ ಎಷ್ಟು ಶಾಪ ಹಾಕಿದ್ದೇನೆಂದರೆ, ಅದು ನಿಜವಾಗಿದ್ದರೆ ಅರ್ಧ ಊರು ಇಷ್ಟು ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡು ಒದ್ದಾಡಬೇಕಿತ್ತು ಎಂದಳು. ಹೆಂಗಸರು ಕಿಸಕ್ಕೆಂದರು. ಅಜ್ಜಿ ಮಾತ್ರ ತನ್ನ ಮಣೆಗೆ ಹಿಂದಿರುಗಿ ಕನ್ನಡಕ ಏರಿಸಿಕೊಂಡಳು.

ಕೋಟು ಎದುರಿಗಿತ್ತು. ಅಜ್ಜಿಯ ಮೂಟೆ ಮುಗಿಯದ ದಿನ ಹೊಸಬರೂ ಬಿಚ್ಚಲು ಕೂರಬೇಕಿತ್ತು. ಚುರುಕಿ ಬಿಚ್ಚಲು ಕೂತದ್ದೇನೋ ನಿಜ. ಅಂಚಿನ ಹೊಲಿಗೆ ಯಂತ್ರದ್ದಲ್ಲ, ಕೈಯದು. ಎಣ್ಣೆಗಪ್ಪು ದಾರ, ಎಳ್ಳುಕಾಳಿನಷ್ಟು ಸಣ್ಣ ಹೊಲಿಗೆ, ಪ್ರತಿ ಹೊಲಿಗೆಗೂ ಒಂದು ಗಂಟು. ಬಟ್ಟೆಯಿಂದ ವಾಸನೆ ಬರುತ್ತಿತ್ತು. ಉಣ್ಣೆಯ ಮುಗ್ಗಲು ವಾಸನೆಯಲ್ಲ. ಬಹಳ ದಿನ ಮಾತಾಡದೆ ಮುಚ್ಚಿಟ್ಟ ಬಾಯಿಯ ವಾಸನೆ. ಒಂದು ಗಂಟೆ ಕಳೆದರೂ ನಾಲ್ಕು ಬೆರಳು ಉದ್ದದ ಹೊಲಿಗೆ ಬಿಚ್ಚಿರಲಿಲ್ಲ. ಅಕ್ಕಪಕ್ಕದವರು ಆಗಲೇ ಎರಡೆರಡು ಚೀಲ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದರು. ಆ ವಾರದ ಕೆಲಸ ನೋಡಿ ಒಬ್ಬಳಿಗೆ ಕತ್ತರಿಸುವ ಮೇಜಿನ ಉಸ್ತುವಾರಿ ಕೊಡುವುದಾಗಿ ಮೇಡಂ ಹೇಳಿದ್ದರು. ಚುರುಕಿಗೆ ಕೂತಲ್ಲೇ ಮುಳ್ಳಾಯಿತು.

ಮಧ್ಯಾಹ್ನ ಅಜ್ಜಿ ಕೈ ತೊಳೆಯಲು ಹೋದಳು. ಚುರುಕಿ ಕೋಟನ್ನು ಎತ್ತಿಕೊಂಡು ಸಾಮಾನು ಕೋಣೆಗೆ ನುಗ್ಗಿದಳು. ಅಲ್ಲಿ ದೀಪವಿರಲಿಲ್ಲ. ಮೂಟೆಗಳ ಸಂದಿಯ ಕತ್ತಲೆಯಲ್ಲಿ ಮಂಡಿಯೂರಿ, ಅಂಚಿನಿಂದ ಅರ್ಧ ಬೆರಳು ಒಳಗೆ ಕತ್ತರಿ ಇಟ್ಟು ಎಳೆಯುತ್ತ ಹೋದಳು. ಹೊಲಿಗೆ ಹೊಲಿಗೆಯಾಗಿಯೇ ಉಳಿದು, ಪಟ್ಟಿಪಟ್ಟಿಯಾಗಿ ಬೇರೆ ಬಂತು. ಒಂದು ಕಡೆ ಕತ್ತರಿ ತಡೆಯಿತು. ಏನೋ ಗಟ್ಟಿ ಇತ್ತು. ಎರಡೂ ಕೈ ಸೇರಿಸಿ ಅದುಮಿದಳು. ಕಟಕ್ ಎಂದು ಮುರಿಯಿತು.

ಆ ಕ್ಷಣಕ್ಕೆ ಆಚೆ ಕೋಣೆಯ ಹೊಲಿಗೆ ಯಂತ್ರಗಳೆಲ್ಲ ಒಟ್ಟಿಗೆ ನಿಂತವು. ಸುಟ್ಟ ಕೂದಲ ವಾಸನೆ ಮೂಗಿಗೆ ಅಡರಿತು. ಕರೆಂಟು ಹೋಯಿತೆಂದು ಯಾರೋ ಗೊಣಗಿದರು, ಮತ್ತೆ ಬಂತು, ಯಂತ್ರಗಳು ಓಡತೊಡಗಿದವು. ಚುರುಕಿ ಬೆವರಿದ ಕೈಯನ್ನು ಕೋಟಿಗೇ ಒರೆಸಿಕೊಂಡು, ಪಟ್ಟಿಗಳನ್ನೆಲ್ಲ ತನ್ನ ಕೈಚೀಲದ ತಳಕ್ಕೆ ತುರುಕಿದಳು.

ಸಂಜೆ ಅಜ್ಜಿ ಕೋಟಿನ ದಾರ ಎಲ್ಲಿ ಎಂದು ಕೇಳಿದಳು. ಡಬ್ಬಿಗೆ ಹಾಕಿದೆ ಎಂದಳು ಚುರುಕಿ, ಕಣ್ಣು ಕೂಡ ಮಿಟುಕಿಸದೆ. ಮೇಡಂ ಬಂದು ಆ ಕೋಟಿನಿಂದ ಅವಳು ಹೊಲಿದ ಚೀಲಗಳನ್ನು ನೋಡಿ, ಬಿಚ್ಚುವ ಕೆಲಸವನ್ನು ಇಷ್ಟು ಬೇಗ ಮುಗಿಸಿದವರನ್ನು ತಾನು ಕಂಡೇ ಇಲ್ಲವೆಂದರು. ಅಷ್ಟಕ್ಕೇ ಬಿಡಲಿಲ್ಲ. ಅಜ್ಜಿಯ ಕಡೆ ತಿರುಗಿ, ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೀರಿ, ಈ ಹುಡುಗಿಯನ್ನು ನೋಡಿಯಾದರೂ ಕಲಿಯಿರಿ ಎಂದುಬಿಟ್ಟರು. ಅಜ್ಜಿ ತಲೆಯಾಡಿಸಿದಳು. ಚುರುಕಿಗೆ ಮೈ ಕುಗ್ಗಿತು. ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು, ನಿಜ. ಆದರೆ ಎಲ್ಲರೂ ತನ್ನನ್ನೇ ನೋಡುತ್ತಿದ್ದರು, ಮೆಚ್ಚಿಕೊಂಡು ನೋಡುತ್ತಿದ್ದರು. ಅಂಥ ನೋಟವನ್ನು ಕೈಯಾರೆ ಯಾರು ಕೆಡಿಸಿಕೊಳ್ಳುತ್ತಾರೆ?

ಕಾರ್ಖಾನೆ ಮುಚ್ಚಿದ ಮೇಲೆ ಚುರುಕಿ ಇದ್ದದ್ದು ಅಕ್ಕನ ಮನೆಯಲ್ಲಿ. ಮೂರನೆಯ ಮಹಡಿ, ಎರಡು ಕೋಣೆ. ಅಕ್ಕನಿಗೆ ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದ ಹೆಣ್ಣುಮಗು. ಈಗ ನಾಲ್ಕು ತಿಂಗಳು. ಪಾಪು ಅತ್ತರೆ ಇಡೀ ಕಟ್ಟಡ ಎದ್ದು ಕೂರುತ್ತಿತ್ತು. ಕೆಳಗಿನ ಮನೆಯವರು ತಾವು ಅಲಾರಂ ಗಡಿಯಾರವನ್ನೇ ಮಾರಿಬಿಡುವುದಾಗಿ ತಮಾಷೆ ಮಾಡುತ್ತಿದ್ದರು. ಅಕ್ಕ ಆ ಅಳುವಿನ ಬಗ್ಗೆ ದೂರುವ ಹಾಗೆ ದೂರಿ ಒಳಗೊಳಗೇ ಬೀಗುತ್ತಿದ್ದಳು. ಎಂಟು ವರ್ಷ ಆ ಮನೆ ಎಷ್ಟು ಸುಮ್ಮನಿತ್ತು ಎನ್ನುವುದು ಅವಳೊಬ್ಬಳಿಗೇ ಗೊತ್ತು.

ಮಗು ಮಗ್ಗುಲಾಗಿ ಉರುಳದ ಹಾಗೆ ಪಕ್ಕಕ್ಕಿಡಲು ಒಂದು ಪುಟ್ಟ ದಿಂಬು ಹೊಲಿದುಕೊಡು ಎಂದು ಅಕ್ಕ ಆ ವಾರವಿಡೀ ಕೇಳುತ್ತಿದ್ದಳು. ಚುರುಕಿಯ ಕೈಚೀಲದ ತಳದಲ್ಲಿ ಯಾರಿಗೂ ತೋರಿಸಲಾಗದ ಒಂದು ಕಟ್ಟು ಪಟ್ಟಿಗಳಿದ್ದವು. ಕಸಕ್ಕೆ ಹಾಕಿದರೆ ಹೊಲಿಗೆ ಕೋಣೆಯವರು ಯಾರಾದರೂ ಕಂಡಾರು ಎಂಬ ಭಯ, ಎರಡು ಬೀದಿ ಆಚೆಯೇ ಅವರಲ್ಲಿ ಇಬ್ಬರು ವಾಸವಾಗಿದ್ದರು. ಹಳೆಯ ಮೆತ್ತನೆಯ ರಾತ್ರಿಯಂಗಿಯೊಂದನ್ನು ಉದ್ದಕ್ಕೆ ಹೊಲಿದು, ಪಟ್ಟಿಗಳನ್ನು ಸಣ್ಣಗೆ ತುಂಡರಿಸಿ ಅದರೊಳಗೆ ತುಂಬಿದಳು. ಒಂದೇ ಏಟಿಗೆ ಎರಡು ಕೆಲಸ. ತಪ್ಪನ್ನು ಬಚ್ಚಿಡಲು ಜಾಗ ಸಿಕ್ಕಿತು, ಅಕ್ಕನಿಗೆ ಉಡುಗೊರೆಯೂ ಆಯಿತು.

ಅಕ್ಕ ಆ ದಿಂಬನ್ನು ಎದೆಗವುಚಿಕೊಂಡಳು. ನನ್ನ ತಂಗಿ ಕೈಯಾರೆ ಹೊಲಿದದ್ದು ಎಂದು ಪಕ್ಕದ ಮನೆಗೆ ಹೋಗಿ ತೋರಿಸಿ ಬಂದಳು.

ಮರುದಿನ ಪಾಪು ಅಳಲಿಲ್ಲ. ಎಷ್ಟು ಜಾಣೆ, ಎಷ್ಟು ಸಮಾಧಾನ ಎಂದು ಭಾವ ಹಾಲಿನ ಲೋಟ ಹಿಡಿದುಕೊಂಡೇ ಮುದ್ದಾಡಿದ. ಹೆತ್ತ ಮೇಲೆ ಮೊದಲ ಸಲ ಅಕ್ಕ ಪೂರ್ತಿ ನಿದ್ದೆ ಮಾಡಿದಳು. ಅದರ ಮರುದಿನ ರಜೆ. ಮಧ್ಯಾಹ್ನ ಚುರುಕಿ ಮಗುವನ್ನು ನೋಡಲು ಕೋಣೆಯ ಬಾಗಿಲು ತೆರೆದಳು. ಬಿಸಿಲು ಬೀಳದಿರಲೆಂದು ಪರದೆ ಎಳೆದಿದ್ದರು, ಒಳಗೆ ಕಂದುಗತ್ತಲೆ. ಹಾಲಿನ, ಪೌಡರಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಸುಟ್ಟ ಕೂದಲು.

ಮಗು ಎಚ್ಚರವಾಗಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಮುಖ ಕೆಂಪೇರಿ ಕಪ್ಪಿಗೆ ತಿರುಗುತ್ತಿತ್ತು. ಮುಷ್ಟಿಗಳು ಗಾಳಿಯನ್ನು ಗುದ್ದುತ್ತಿದ್ದವು. ಕಣ್ಣೀರು ಕಿವಿಯೊಳಕ್ಕೆ ಹರಿಯುತ್ತಿತ್ತು. ಅದು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅಳುತ್ತಿತ್ತು. ಸದ್ದೇ ಇರಲಿಲ್ಲ.

ಎರಡು ದಿನದಿಂದ ಅದು ಅಳುತ್ತಲೇ ಇತ್ತು. ಯಾರಿಗೂ ಕೇಳಿಸಿರಲಿಲ್ಲ.

ಚುರುಕಿ ಮಗುವನ್ನು ಎತ್ತಿಕೊಂಡಳು. ಆ ನಿಶ್ಶಬ್ದದಲ್ಲಿ ದಿಂಬಿನೊಳಗಿಂದ ಒಂದು ಸದ್ದು ಕೇಳಿತು. ದಪ್ಪ ಬಟ್ಟೆಯಲ್ಲಿ ದಾರ ಎಳೆದಾಗ ಬರುವ ಸದ್ದು. ಸರ್ರ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಸರ್ರ್. ಹೊಲಿಗೆಯವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಡುಗೆಮನೆಯಿಂದ ಅಕ್ಕ, ಎದ್ದಿದೆಯೇನೇ ಎಂದು ಕೇಳಿದಳು. ಇಲ್ಲ, ಮಲಗಿದೆ ಎಂದಳು ಚುರುಕಿ. ಇಲ್ಲಿ ಅವಳನ್ನು ಸಮರ್ಥಿಸಲು ನನ್ನಲ್ಲಿ ಒಂದು ಮಾತೂ ಇಲ್ಲ. ನಾಚಿಕೆ ಕೆಲವರನ್ನು ಒಳ್ಳೆಯವರನ್ನಾಗಿ ಮಾಡುತ್ತದೆ. ಅವಳನ್ನು ಬರೀ ಹೇಡಿಯನ್ನಾಗಿ ಮಾಡಿತು. ದಿಂಬನ್ನು ಬೀರುವಿನ ಹಿಂದಕ್ಕೆ ತಳ್ಳಿದಳು. ಬೆಳಿಗ್ಗೆ ನೋಡಿದರೆ ಅದು ಮತ್ತೆ ಮಗುವಿನ ಮಗ್ಗುಲಲ್ಲಿತ್ತು. ಕೆಳಗೆ ಬಿದ್ದಿತ್ತು ಎಂದು ಅಕ್ಕನೇ ಎತ್ತಿಟ್ಟಿದ್ದಳು.

ಅಂದು ಮಗು ಹಾಲು ಕುಡಿಯಲಿಲ್ಲ. ಬಾಯಿ ತೆರೆಯಲಿಲ್ಲ. ಡಾಕ್ಟರು ಹೊರಗಿನಿಂದ ಏನೂ ಕಾಣುತ್ತಿಲ್ಲ, ಸಂಜೆಯವರೆಗೂ ಕುಡಿಯದಿದ್ದರೆ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದರಂತೆ. ಮನೆಗೆ ತಂದ ಮೇಲೆ ಅಕ್ಕ ಚಮಚದಲ್ಲಿ ಹಾಲು ಹಿಡಿದಳು. ತುಟಿಯ ಮೇಲೆ ಬಿದ್ದು ಗಲ್ಲಕ್ಕೆ ಇಳಿಯಿತು. ಚುರುಕಿ ಬಗ್ಗಿ ನೋಡಿದಳು. ಮೇಲುತುಟಿಯ ಉದ್ದಕ್ಕೂ, ಕೆಳತುಟಿಯ ಉದ್ದಕ್ಕೂ ಸಣ್ಣ ಸಣ್ಣ ಚುಕ್ಕೆಗಳು. ಸಮನಾದ ದೂರ. ಎಳ್ಳುಕಾಳಿನಷ್ಟು.

ಅವಳು ಚಪ್ಪಲಿ ಕೂಡ ಹಾಕದೆ ಓಡಿದಳು.

ದಾರದಜ್ಜಿ ಮಣೆಯ ಮೇಲಿಂದ ತಲೆಯೆತ್ತಿ ನೋಡಿ, ಏನೂ ಕೇಳದೆ ಕೊಕ್ಕೆಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಎದ್ದಳು. ದಾರಿಯಲ್ಲಿ ಕೇಳಿದಳು. ಕೋಣೆಯಿಂದ ಮನೆಗೆ ಏನು ಒಯ್ದೆ? ಪಾಪು ಬಾಯಿ ಬಿಡುತ್ತಿಲ್ಲ, ಅದಕ್ಕೊಂದು ದಿಂಬು ಹೊಲಿದುಕೊಟ್ಟಿದ್ದೆ ಎಂದಳು ಚುರುಕಿ. ಒಳಗೆ ಏನು ತುಂಬಿದ್ದೀ? ಚೂರು ಬಟ್ಟೆ. ಆ ಕೋಟಿನದಾ? ಚುರುಕಿ ಹೆಜ್ಜೆ ಬಿರುಸು ಮಾಡಿದಳು. ಅಜ್ಜಿ ಮತ್ತೆ ಕೇಳಲಿಲ್ಲ. ಮೂರು ಮಹಡಿ ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಎರಡನೆಯ ಕಡೆ ಚುರುಕಿಯ ಮಣಿಕಟ್ಟು ಹಿಡಿದಳು.

“ಗಂಟು ನಾನು ಬಿಚ್ತೀನಿ. ಬಿಟ್ಟ ಮೇಲೆ ಅದು ಇನ್ನೊಂದು ಬಾಯಿ ಹುಡುಕುತ್ತೆ. ಮುಚ್ಚಿದ ಬಾಯಿ ಕಂಡ್ರೆ ಅಲ್ಲೇ ಕೂರುತ್ತೆ. ಮಗು ಅತ್ತ ಕೂಡ್ಲೇ ನೀನು ಮಾಡಿದ್ದನ್ನ ಅಕ್ಕನ ಮುಂದೆ ಹೇಳ್ಬೇಕು. ಒಂದೇ ಮಾತು ಸಾಕು. ನಿನ್ನ ಬಾಯಿಂದಾನೇ ಬರ್ಬೇಕು, ನಾನು ಹೇಳಿದ್ರೆ ಆಗಲ್ಲ. ಹೇಳ್ತೀಯಾ?”

“ಹೇಳ್ತೀನಿ ಅಜ್ಜಿ.”

ಅಕ್ಕ ಭಾವನಿಗೆ ಫೋನು ಮಾಡಲು ಪಕ್ಕದ ಮನೆಗೆ ಹೋಗಿದ್ದಳು. ಅಜ್ಜಿ ಪರದೆ ಸರಿಸಲಿಲ್ಲ. ನೆಲದ ಮೇಲೆ ಕೂತು ದಿಂಬನ್ನು ತೊಡೆಯ ಮೇಲಿಟ್ಟುಕೊಂಡಳು. ಕೊಕ್ಕೆ ಹೊಲಿಗೆಗೆ ಹೋಯಿತು. ಒಂದು. ಎರಡು. ಮೂರು. ಹರಿಯಲಿಲ್ಲ, ಕತ್ತರಿಸಲಿಲ್ಲ. ಬಿಚ್ಚಿದಳು. ಬಾಯಿ ತೆರೆದ ದಿಂಬಿನಿಂದ ಬೂದು ಚೂರುಗಳು ನೆಲಕ್ಕೆ ಸುರಿದವು.

ವಾಸನೆ ಕೋಣೆಯನ್ನು ತುಂಬಿತು. ಅಜ್ಜಿಯ ಬೆರಳು ಚೂರುಗಳ ನಡುವೆ ಓಡಾಡಿತು. ನಿಂತಿತು. ಎರಡು ತುಂಡು. ಒಂದೊಂದು ಹೆಬ್ಬೆರಳಷ್ಟು ಉಬ್ಬಿತ್ತು. ಜೋಡಿಸಿ ಹಿಡಿದಳು. ಕಪ್ಪು ದಾರ. ಒಳಗೆ ಕೂದಲು. ಕೂದಲೊಳಗೆ ಒಂದು ಹಲ್ಲು, ಕತ್ತರಿಗೆ ಸಿಕ್ಕಿ ಎರಡಾದ ಹಲ್ಲು. ಸರ್ರ್ ಎಂದಿತು ದಾರ. ಅದು ಅಜ್ಜಿಯ ಕೈಯಲ್ಲಿ ಅಲುಗುತ್ತಿತ್ತು. ಕೊಕ್ಕೆ ಇಳಿಯಿತು. ಮೊದಲ ಗಂಟು ಬಿಟ್ಟಿತು. ಮಗುವಿನ ಕಾಲು ಜಾಡಿಸಿತು. ಎರಡನೆಯದು. ಅಜ್ಜಿಯ ಬೆರಳ ತುದಿಯಿಂದ ರಕ್ತ ಜಿನುಗಿತು. ಮೂರನೆಯದು ಬಿಡಲಿಲ್ಲ. ಮಗುವಿನ ಮುಖ ನೀಲಿಯಾಯಿತು. ಮೂಗೂ ಕಟ್ಟಿತ್ತು. ಎದೆ ಏರಲಿಲ್ಲ. ಇಳಿಯಲಿಲ್ಲ. ಅಜ್ಜಿ ಹಲ್ಲು ಕಚ್ಚಿ ಎಳೆದಳು.

ಗಂಟು ಬಿಟ್ಟಿತು.

ಪಾಪು ಅತ್ತಿತು. ಮೂರು ದಿನದ ಅಳುವನ್ನೆಲ್ಲ ಒಟ್ಟಿಗೆ ಅತ್ತಿತು. ಗಾಜಿನ ಕಿಟಕಿ ಅದುರಿತು. ಅಕ್ಕ ಓಡಿ ಬಂದು ಬಾಗಿಲಲ್ಲಿ ನಿಂತಳು.

ಅವಳು ಕಂಡದ್ದೇನು? ಮಗುವಿನ ಮಂಚದ ಬುಡದಲ್ಲಿ ಕೊಕ್ಕೆ ಹಿಡಿದು ಕೂತ, ತಂಗಿಯ ಬಾಯಲ್ಲಿ ಕೇಳಿದ್ದಷ್ಟೇ ಹೊರತು ಎಂದೂ ಕಾಣದ ಮುದುಕಿ. ಹರಡಿದ ದಿಂಬು. ರಕ್ತವಾದ ಅಂಗೈಯಲ್ಲಿ ಕೂದಲು, ಹಲ್ಲು, ಕಪ್ಪು ದಾರ. ಅಕ್ಕ ಮೊದಲು ಮಗುವನ್ನು ಕಸಿದುಕೊಂಡು ಎದೆಗೆ ಹಚ್ಚಿಕೊಂಡಳು. ಆಮೇಲೆ ಕೇಳಿದಳು.

“ಇದು ಇದರೊಳಗೆ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಅಜ್ಜಿ ಕೊಕ್ಕೆಯನ್ನು ಕೆಳಗಿಟ್ಟಳು. ಚುರುಕಿಯ ಮುಖ ನೋಡಿದಳು. ಅದು ಬೆದರಿಸುವ ನೋಟವಲ್ಲ. ದಾರಿ ಬಿಟ್ಟುಕೊಟ್ಟು ನಿಂತವರು ನೋಡುವ ನೋಟ. ತನ್ನ ಮೇಲೆ ಬರುತ್ತಿದ್ದ ಮಾತನ್ನು ತಡೆಯಲು ಆ ಮುದುಕಿಗೆ ಒಂದು ವಾಕ್ಯ ಸಾಕಿತ್ತು. ಅದನ್ನು ಅವಳು ಆಡಿಬಿಟ್ಟರೆ ಹುಡುಗಿಗೆ ಆಡಲು ಏನೂ ಉಳಿಯುತ್ತಿರಲಿಲ್ಲ. ಅದಕ್ಕೇ ಸುಮ್ಮನಿದ್ದಳು.

“ನಿಮ್ಮ ಕೋಣೆಯಿಂದ ಬಂದ ಬಟ್ಟೆ. ಸೀದಾ ಹೋಗಿ ಕೈಯಲ್ಲಿ ತೆಗೀತೀರಾ. ನೀವೇ ಇಟ್ಟಿದ್ದು,” ಎಂದಳು ಅಕ್ಕ. ತಂಗಿಯ ಕಡೆ ತಿರುಗಿದಳು. “ನೀನು ಹೇಳೇ. ಇವರೇನಾ?”

ಚುರುಕಿ ನೆಲ ನೋಡಿದಳು. ಮಾತು ಗಂಟಲಿನವರೆಗೂ ಬಂದಿತ್ತು. ಬಿಚ್ಚದೆ ಕತ್ತರಿಸಿದೆ ಅಕ್ಕ. ಇಷ್ಟೇ. ನಾಲಿಗೆಗೆ ಅದು ಭಾರವೂ ಆಗಿರಲಿಲ್ಲ. ಆದರೆ ಅಕ್ಕ ಆ ದಿಂಬನ್ನು ಎದೆಗವುಚಿಕೊಂಡು ಪಕ್ಕದ ಮನೆಗೆ ಹೋದದ್ದು ಕಣ್ಣಿಗೆ ಕಟ್ಟಿತು. ಆ ಮುಖ ತನ್ನನ್ನು ಇನ್ನೊಂದು ರೀತಿಯಲ್ಲಿ ನೋಡುವುದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ. ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ತುಟಿ ಬಿಗಿಹಿಡಿದು ನಿಂತಳು.

ಅಜ್ಜಿ ಚೂರುಗಳನ್ನೆಲ್ಲ ಸೆರಗಿಗೆ ಬಳಿದುಕೊಂಡು, ಗೋಡೆ ಹಿಡಿದು ಎದ್ದು ಹೋದಳು. ಮೆಟ್ಟಿಲಲ್ಲಿ ನೆರೆದವರು ಅವಳಿಗೆ ದಾರಿ ಬಿಟ್ಟರು, ಮೈ ತಾಗದ ಹಾಗೆ. ಯಾರೋ ಹಿಂದಿನಿಂದ ಉಗುಳಿದ್ದು ಚುರುಕಿಗೂ ಕೇಳಿಸಿತು.

ಅಕ್ಕ ಮರುದಿನ ನೆಲಮಾಳಿಗೆಗೆ ಹೋಗಿ ಎಲ್ಲರೆದುರಿಗೆ ಹೇಳಿದಳು. ಮೇಡಂ ಮಾತು ಬೆಳೆಸಲಿಲ್ಲ, ಅಜ್ಜಿಯನ್ನು ಬರಬೇಡವೆಂದರು. ಅವಳ ಮಣೆಯನ್ನು ಸಾಮಾನು ಕೋಣೆಗೆ ಎಸೆದರು. ಕತ್ತರಿಸುವ ಮೇಜಿನ ಉಸ್ತುವಾರಿ ಚುರುಕಿಗೆ ಸಿಕ್ಕಿತು. ಮೂರು ದಿನ ಅವಳು ಆ ಮೇಜಿನ ಮುಂದೆ ನಿಂತು ಕೆಲಸ ಮಾಡಿದಳು. ಮಾತಾಡಿದಳು, ತಿಂದಳು, ಹೇಳಿದ ತಮಾಷೆಗೆ ನಕ್ಕಳು. ಅವಳ ಬಾಯಿಗೆ ಏನೂ ಆಗಿರಲಿಲ್ಲ. ಮುದುಕಿ ಹೆದರಿಸಿದ್ದಳು ಅಷ್ಟೇ ಎಂದು ಅವಳಿಗೆ ಧೈರ್ಯ ಕೂಡ ಬರತೊಡಗಿತ್ತು. ಒಂದು ಮಾತನ್ನು ಬಿಟ್ಟು ಬೇರೆಲ್ಲ ಮಾತೂ ಸಲೀಸಾಗಿ ಬರುತ್ತಿದ್ದವು.

ನಾಲ್ಕನೆಯ ಬೆಳಿಗ್ಗೆ ಹಲ್ಲುಜ್ಜುವಾಗ ನಾಲಿಗೆಗೆ ಏನೋ ತಾಕಿತು. ಕೆಳತುಟಿಯ ಒಳಗೆ, ಕೂದಲೆಳೆಯಷ್ಟು ಸಣ್ಣದು. ಬೆರಳಿಂದ ಎಳೆದಳು. ಬಂತು. ಇನ್ನೂ ಬಂತು. ಕಪ್ಪಗಿತ್ತು. ಎಳೆದಷ್ಟೂ ಗಲ್ಲದ ಒಳಗೆ, ಗಂಟಲಿನ ಒಳಗೆ, ಎದೆಯ ಒಳಗೆ ಎಲ್ಲೋ ಚುಚ್ಚಿ ಎಳೆಯುತ್ತಿತ್ತು. ಅಕ್ಕಾ ಎಂದು ಕೂಗಿದಳು. ಬಾಯಿ ತೆರೆಯಿತು. ಸದ್ದು ಹೊರಡಲಿಲ್ಲ.

ಅಜ್ಜಿಯ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆ, ಒಂದೇ ಕಿಟಕಿ. ಅಜ್ಜಿ ಅವಳ ತುಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಚುರುಕಿ ಕಾಲಿಗೆ ಬಿದ್ದು, ಬಾಯಿ ಆಡಿಸುತ್ತ, ತಪ್ಪಾಯಿತು ತಪ್ಪಾಯಿತು ಎಂದು ಸದ್ದಿಲ್ಲದೆ ಹೇಳುತ್ತಿದ್ದಳು. ಅಜ್ಜಿ ಅವಳನ್ನು ಎತ್ತಿ ಕೂರಿಸಿ, ತಲೆ ಸವರಿದಳು. ಆ ಕೈಯ ಗಾಯ ಇನ್ನೂ ಒಣಗಿರಲಿಲ್ಲ.

“ಬಟ್ಟೆಯಲ್ಲಿದ್ರೆ ಬಿಚ್ಚಬಹುದಿತ್ತು ಮಗಳೇ,” ಎಂದಳು. “ಇದು ನೀನೇ ಹಾಕ್ಕೊಂಡ ಹೊಲಿಗೆ. ನನ್ನ ಕೊಕ್ಕೆ ಅಲ್ಲಿಗೆ ಹೋಗಲ್ಲ.”

ಅಂದು ಸಂಜೆ ಚುರುಕಿ ಕಾಗದ ತೆಗೆದುಕೊಂಡು ಕೂತಳು. ಕೋಟು, ಕತ್ತರಿ, ಡಬ್ಬಿಯ ಸುಳ್ಳು, ಬೀರುವಿನ ಹಿಂದೆ ತಳ್ಳಿದ್ದು, ಮಲಗಿದೆ ಎಂದದ್ದು. ಅಜ್ಜಿಯದು ಏನೂ ತಪ್ಪಿಲ್ಲ ಎಂದು ಎರಡು ಸಲ ಬರೆದು, ಅವಳ ಮನೆಯ ಗುರುತನ್ನೂ ಬರೆದಳು. ಬರೆಯುವಾಗ ಮುಖ ಬಿಸಿಯಾಗಿ, ಕಿವಿ ಉರಿದು, ಅಕ್ಷರ ಮಸುಕಾದವು. ಒಂದನ್ನೂ ಬಿಡಲಿಲ್ಲ. ಅಕ್ಕ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅವಳ ಮಡಿಲ ಪಕ್ಕದಲ್ಲಿ ಕಾಗದವಿಟ್ಟು ಗೋಡೆಗೆ ಒರಗಿ ನಿಂತಳು.

ಅಕ್ಕ ಒಂದು ಸಲ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು, ತಂಗಿಯ ಮುಚ್ಚಿದ ತುಟಿಗಳನ್ನು ನೋಡಿದಳು.

“ಅವತ್ತು ನಿನಗೆ ಬಾಯಿತ್ತಲ್ಲೇ,” ಎಂದಳು.

ಕಾಗದವನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡು, ಚಪ್ಪಲಿ ಮೆಟ್ಟಿ, ಮಗುವನ್ನು ಎತ್ತಿಕೊಂಡೇ ಅಜ್ಜಿಯ ಮನೆಯ ದಾರಿ ಹಿಡಿದಳು. ಚುರುಕಿಯನ್ನು ಕರೆಯಲಿಲ್ಲ.